ಎಬ್ಬಿಸುವ ಗುಂಡು

ಕೆಂಚಮ್ಮನನ್ನು ಮಣ್ಣು ಮಾಡಿ ಜನ ವಾಪಸು ಬರುವಷ್ಟರಲ್ಲಿ ಅವಳು ತನ್ನ ಮನೆಯ ಜಗಲಿಯ ಮೇಲೆ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನಮ್ಮೂರಿನಲ್ಲಿ ಇದನ್ನು ಕಂಡು ಯಾರೂ ಕಿರುಚುವುದಿಲ್ಲ. ಸತ್ತವರು ಕೊನೆಗೆ ಯಾವ ಕೆಲಸದಲ್ಲಿದ್ದರೋ ಅದನ್ನೇ ಹಿಡಿದು ಕೂರುತ್ತಾರೆ. ಮಾತಿಲ್ಲ, ಊಟವಿಲ್ಲ. ಹನ್ನೆರಡು ದಿನದೊಳಗೆ, ಹೊತ್ತು ಮುಳುಗುವ ಮುಂಚೆ, ಅವರ ರಕ್ತದವರು ಯಾರಾದರೂ ಆಕಾಶಕ್ಕೆ ಒಂದು ಗುಂಡು ಹಾರಿಸಬೇಕು. ಆಗ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ಹೊರಟುಹೋಗುತ್ತಾರೆ. ಹಾರಿಸದಿದ್ದರೆ ಹದಿಮೂರನೆಯ ದಿನ ಬೆಳಗಾಗುವಾಗ ಅವರಿಗೆ ನಮ್ಮ ಮುಖಗಳು ಮರೆತಿರುತ್ತವೆ. ಆಮೇಲೆ ಎಷ್ಟು ಗುಂಡು ಹಾರಿಸಿದರೂ ಪ್ರಯೋಜನವಿಲ್ಲ. ಅಂಥವರನ್ನು ನಾವು ಕೂತವರು ಅನ್ನುತ್ತೇವೆ. ನ್ಯಾಯಬೆಲೆ ಅಂಗಡಿಯ ಮೆಟ್ಟಿಲ ಮೇಲೆ ನಮ್ಮ ಅಜ್ಜನ ಕಾಲದಿಂದ ಒಬ್ಬ ಮುದುಕ ಬೀಡಿ ಕಟ್ಟುತ್ತ ಕೂತಿದ್ದಾನೆ. ಸೀಮೆಎಣ್ಣೆಯ ಸಾಲು ಅವನನ್ನು ಬಳಸಿಕೊಂಡು ಹೋಗುತ್ತದೆ. ಮಳೆ ಬಂದರೆ ಯಾರಾದರೂ ಒಂದು ಗೋಣಿಚೀಲ ಹೊದಿಸುತ್ತಾರೆ.

ಊರಿಗೆ ಇರುವುದು ಒಂದೇ ಕೋವಿ. ಅದನ್ನು ಇಡುವ ಕೋವಿಮನೆಗೆ ನಾನು ಹದಿನೈದು ವರ್ಷ ಗುಮಾಸ್ತೆಯಾಗಿದ್ದೆ. ಹಗಲು ಅಪ್ಪನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ, ಸಂಜೆ ತರಗತಿಯಲ್ಲಿ ಓದಿ ಪಾಸಾದವಳು ನಾನು. ದೊಡ್ಡ ಓದಲ್ಲ. ಅದಕ್ಕೇ ಇರಬೇಕು, ಯಾವ ಕಾಗದಕ್ಕೆ ಸಹಿ ಮಾಡಿದರೂ ಎರಡು ಸಲ ಓದುತ್ತಿದ್ದೆ. ಬೀಗ ಹಾಕಿ ಅರ್ಧ ದಾರಿ ಹೋದವಳು ಮತ್ತೆ ಬಂದು ಜಗ್ಗಿ ನೋಡುತ್ತಿದ್ದೆ. ಸಂಜೆ ತರಗತಿಯ ಮೇಷ್ಟ್ರು, "ವಾರಿಜಾ, ಅನ್ನಿಸಿದ್ದನ್ನ ಬರೀಬೇಡ, ಕಂಡದ್ದನ್ನ ಬರಿ" ಅನ್ನುತ್ತಿದ್ದರು. ಇಲ್ಲಿಯೂ ಹಾಗೇ ಬರೆಯಲು ಪ್ರಯತ್ನಿಸುತ್ತೇನೆ.

ಮಣ್ಣಾದ ಮೂರನೆಯ ದಿನ ಕೆಂಚಮ್ಮನ ಮಗ ಈರಭದ್ರ ಕೋವಿಮನೆಗೆ ಬಂದ. ಹೊಸ್ತಿಲ ಆಚೆಯೇ ನಿಂತ. ಒಳಗೆ ಬರುವ ಹಾಗಿಲ್ಲವೆಂದು ಅವನಿಗೆ ಗೊತ್ತಿತ್ತು. ಕೋವಿಮನೆಯ ಹತ್ತಿರ ಬಂದಾಗಲೆಲ್ಲ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ.

"ವಾರಿಜಮ್ಮಾರೆ, ಅವ್ವ ಕೂತವ್ಳೆ."

"ಗೊತ್ತು ಈರಭದ್ರ."

"ಅವ್ಳಿಗೆ ನಾನೊಬ್ನೇ."

"ಅದೂ ಗೊತ್ತು."

ಅವನು ಗೋಡೆಯ ಮೇಲಿನ ಪಟ್ಟಿ ನೋಡಿದ. ಕೋವಿ ಮುಟ್ಟಬಾರದವರ ಪಟ್ಟಿ ಅದು. ಕೆಂಪು ಶಾಯಿಯಲ್ಲಿ ಮೊದಲ ಹೆಸರೇ ಅವನದು, ನನ್ನ ಅಕ್ಷರದಲ್ಲೇ ಇತ್ತು. "ಊರಿನ ಮಚ್ಚು, ಕುಡ್ಲು, ಚೂರಿ ಎಲ್ಲಾ ನನ್ ಕೈಲೇ ಸಾಣೆ ಆಗದು. ದಫೇದಾರ್ರೂ ಗಡ್ಡದ್ ಕತ್ತಿ ಕಳಿಸ್ತಾರೆ. ಅದಕ್ ಯಾರೂ ಬ್ಯಾಡ ಅನ್ನಲ್ಲ" ಅಂದು ಸ್ವಲ್ಪ ನಕ್ಕ. ಆಮೇಲೆ, "ಕೇಳ್ಬಾರ್ದು ಅಂತ ಗೊತ್ತು. ಕೇಳ್ದೆ ಇರಕ್ಕಾಗ್ಲಿಲ್ಲ" ಅಂದ.

"ಮೇಲಿನ ಕಚೇರಿಗೆ ಬರೀತೀನಿ" ಅಂದೆ. ಇದೇ ಮಾತನ್ನು ನಾನು ಹಿಂದೊಮ್ಮೆ ಆಡಿದ್ದೆ. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷ ಈರಭದ್ರನ ಅಪ್ಪ ತೀರಿಕೊಂಡಿದ್ದ. ಆಗ ಕೋವಿಯನ್ನು ಮನೆಯವರ ಕೈಗೇ ಕೊಟ್ಟು, ಹೊತ್ತು ಮುಳುಗುವುದರೊಳಗೆ ವಾಪಸು ಪಡೆಯುವ ಪದ್ಧತಿಯಿತ್ತು. ಒಂದು ತೋಟಾ ತೇವವಾಗಿದ್ದರೆ ಇನ್ನೊಂದಿರಲಿ ಎಂದು ಎರಡು ತೋಟಾ ಕೊಡುತ್ತಿದ್ದರು. ಆ ಎರಡನ್ನು ಎಣಿಸಿ ಅವನ ಅಂಗೈಗೆ ಹಾಕಿದವಳು ನಾನು. ಒಂದರಿಂದ ಅವನು ಅಪ್ಪನನ್ನು ಎಬ್ಬಿಸಿದ. ಮಧ್ಯಾಹ್ನ ಕುಡಿದ. ಎದುರುಮನೆಯ ಚನ್ನಬಸಪ್ಪನಿಗೂ ಇವನಿಗೂ ಬೀದಿ ನಲ್ಲಿಯ ಸರದಿಯ ವಿಷಯಕ್ಕೆ ಹಳೆಯ ಜಗಳ. ಚನ್ನಬಸಪ್ಪ ಕೊಡಕ್ಕೆ ನೀರು ಹಿಡಿಯುತ್ತ, "ಸಾವಿನ ಮನೆಯೋರು ಇವತ್ತು ನಲ್ಲಿ ಮುಟ್ಟಂಗಿಲ್ಲ" ಅಂದನಂತೆ. ಎರಡನೆಯ ತೋಟಾ ಅಲ್ಲಿ ಖರ್ಚಾಯಿತು. ಹನ್ನೊಂದನೆಯ ನಿಯಮ ಬಂದದ್ದು ಅದಾದ ಮೇಲೆ. ಘೋರ ಅಪರಾಧಕ್ಕೆ ಸಜೆಯಾದವರು ಜೀವವಿರುವವರೆಗೆ ಕೋವಿ ಮುಟ್ಟತಕ್ಕದ್ದಲ್ಲ. ಮುಟ್ಟಲು ಕೊಟ್ಟವರ ಹೆಸರೂ ಅದೇ ಪಟ್ಟಿಗೆ ಸೇರತಕ್ಕದ್ದು. ಅಂದಿನಿಂದ ತೋಟಾ ಒಂದೇ, ಕೋವಿಯ ಜೊತೆಗೆ ಗುಮಾಸ್ತೆಯೂ ಹೋಗಬೇಕು. ನಿಯಮ ತಪ್ಪು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ನಲ್ಲಿಕಟ್ಟೆಯ ಕಲ್ಲನ್ನು ತೊಳೆಯುವುದನ್ನು ನಾನು ನೋಡಿದ್ದೆ.

ಚನ್ನಬಸಪ್ಪನಿಗೆ ರಕ್ತದವರು ಯಾರೂ ಇರಲಿಲ್ಲ. ಹೆಂಡತಿ ರುದ್ರಮ್ಮ ಆರು ತಿಂಗಳ ಬಸುರಿ. ಐದನೆಯ ದಿನ ಅವಳು ಬಂದು, "ಹೊಟ್ಟೆಲಿರೋದು ಅವರ ರಕ್ತ ತಾನೆ? ಕೂಸಿನ ಬದಲು ನಾನು ಹಾರಿಸ್ತೀನಿ, ಕೋವಿ ಕೊಡಿ" ಅಂದಳು. ನಾನು ನಿಯಮದ ಪುಸ್ತಕ ತೆಗೆದೆ. ಎಳೆಯ ಮಕ್ಕಳ ಬಗ್ಗೆ ಬರೆದಿತ್ತು: ದೊಡ್ಡವರು ಕೋವಿಯನ್ನು ಹೆಗಲಿಗೆ ಆನಿಸಿ ನಿಲ್ಲಬೇಕು, ಮಗು ಟ್ರಿಗರ್ ಮೇಲೆ ಬೆರಳಿಟ್ಟರೆ ಸಾಕು. ಹೆಗಲು ಕೊಡುವುದು ಎನ್ನುತ್ತಾರೆ ಅದಕ್ಕೆ. ಹುಟ್ಟದ ಮಗುವಿನ ಬಗ್ಗೆ ಏನೂ ಇರಲಿಲ್ಲ. ಹೊಸ ಕೆಲಸ, ಹೆದರಿಕೆ. ಮೇಲಿನ ಕಚೇರಿಗೆ ಬರೆದೆ. ಉತ್ತರ ಬಂದದ್ದು ಹತ್ತೊಂಬತ್ತನೆಯ ದಿನ. "ಅಡ್ಡಿ ಇಲ್ಲ" ಎಂದಿತ್ತು.

ಚನ್ನಬಸಪ್ಪ ಇನ್ನೂ ನಲ್ಲಿಕಟ್ಟೆಯ ಮೇಲೆ ಕೂತು ನಲ್ಲಿ ತಿರುಗಿಸುತ್ತಾನೆ. ನೀರಿನ ಪೈಪನ್ನು ಬೇರೆ ಬೀದಿಗೆ ಹಾಕಿ ಎಷ್ಟೋ ವರ್ಷವಾಯಿತು. ಅವನಿಗೆ ಬೇಕಲ್ಲ ಎಂದು ಆ ಒಣ ನಲ್ಲಿಯನ್ನು ಬಿಟ್ಟಿದ್ದಾರೆ. ಅವನ ಮಗಳು ಶಾಲೆಗೆ ಹೋಗುವಾಗ ಅವನ ಮುಂದೆಯೇ ಹೋಗುತ್ತಿದ್ದಳು. ಒಂಬತ್ತು ವರ್ಷ ಸಜೆ ಮುಗಿಸಿ, ಜೈಲಿನಲ್ಲಿ ಸಾಣೆ ಹಿಡಿಯುವುದನ್ನು ಕಲಿತು ಬಂದ ಈರಭದ್ರನೂ ದಿನಾ ಅವನ ಎದುರೇ ಸಾಣೆಚಕ್ರ ತಳ್ಳಿಕೊಂಡು ಹೋಗುತ್ತಿದ್ದ.

ಈ ಸಲವೂ ಮೇಲಿನ ಕಚೇರಿಗೆ ಬರೆದೆ. ಬರೆಯದೆ ಇರಲು ಧೈರ್ಯವಾಗಲಿಲ್ಲ. ಏಳನೆಯ ದಿನ ಠಾಣೆಗೆ ಹೋಗಿ ದಫೇದಾರ್ ಶಂಭುಲಿಂಗಯ್ಯನವರನ್ನು ಕೇಳಿದೆ. ಅವರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು.

"ನನ್ನೇನು ಕೇಳ್ತೀಯಮ್ಮ? ಪುಸ್ತಕ ನಿನ್ನ ಹತ್ರ ಇರೋದು."

"ಹೆಗಲು ಕೊಟ್ಟರೆ? ಕೋವಿ ನಾನೇ ಹಿಡಿದು, ಅವನು ಬೆರಳು ಮಾತ್ರ ಇಟ್ಟರೆ?"

"ಬೆರಳು ಅವನದಲ್ವಾ? ಮತ್ತಿನ್ಯಾರ ಮನೆಯದು?" ಸಿಪ್ಪೆಯನ್ನು ಕಾಗದದ ಮೇಲೆ ಕೂಡಿಸಿದರು. "ನೋಡು ವಾರಿಜಾ. ಅವನು ಈಗ ಒಳ್ಳೆಯವನೇ. ನನ್ನ ಕತ್ತು ಕೊಟ್ಟು ಗಡ್ಡ ಹೆರೆಸ್ಕೊಂಡೇನು. ಆದ್ರೆ ಇವನಿಗೆ ಇವತ್ತು ಬಿಟ್ರೆ ನಾಳೆ ಬರೋನಿಗೆ ಏನು ಹೇಳ್ತೀಯ? ಅವನೂ ಒಳ್ಳೆಯವನೋ ಅಲ್ವೋ ಅಂತ ಅಳೆಯೋ ತಕ್ಕಡಿ ಎಲ್ಲಿದೆ? ಗುಂಡಿನ ಸದ್ದು ಕೇಳಿದ್ರೆ ನಾನು ಬರಲೇಬೇಕು. ಬಂದ್ರೆ ಬರೀಲೇಬೇಕು. ಅವನಿಗೆ ಆರು ತಿಂಗಳು. ನಿಂಗೆ ಕೆಲಸ ಹೋಗತ್ತೆ, ಅದು ದೊಡ್ಡದಲ್ಲ." ಆಮೇಲೆ ನನ್ನ ಮುಖ ನೋಡದೆ, "ನಿಮ್ಮಪ್ಪ ಹೇಗಿದ್ದಾರೆ?" ಅಂದರು.

ಅವರು ಏನು ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅಮ್ಮ ಇಲ್ಲ, ಒಡಹುಟ್ಟಿದವರಿಲ್ಲ, ನಾನು ಮದುವೆಯಾದವಳಲ್ಲ. ಅಪ್ಪನಿಗೆ ಎಪ್ಪತ್ತೆಂಟು ದಾಟಿತ್ತು, ಉಬ್ಬಸ. ಪಟ್ಟಿಯಲ್ಲಿ ನನ್ನ ಹೆಸರು ಬಿದ್ದರೆ ಅಪ್ಪನನ್ನು ಎಬ್ಬಿಸುವವರು ಯಾರೂ ಉಳಿಯುವುದಿಲ್ಲ.

ಆ ಸಂಜೆ ಅಪ್ಪ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಶರ್ಟಿಗೆ ಕಾಜಾ ಹೊಲಿಯುತ್ತಿದ್ದರು. ಯಂತ್ರ ಬಿಟ್ಟು ಎರಡು ವರ್ಷವಾಗಿತ್ತು, ಕಾಜಾ ಮಾತ್ರ ಬಿಟ್ಟಿರಲಿಲ್ಲ. ನಾನು ಏನೂ ಹೇಳಿರಲಿಲ್ಲ. ಊರೇ ಹೇಳಿತ್ತು.

"ಏನಂತೆ ಕೋವಿ ಕೋರ್ಟು?" ಅಂದರು.

"ನಂಗೆ ಏನೂ ತೋಚ್ತಿಲ್ಲಪ್ಪ."

"ನಿಂಗೆ ಯಾವತ್ತು ತೋಚಿತ್ತು? ಸಾರಿಗೆ ಉಪ್ಪು ಹಾಕೋಕೂ ಎರಡು ಸಲ ಕೇಳ್ತೀಯ." ಸೂಜಿಯನ್ನು ಎಳೆದು ಗಂಟು ಹಾಕಿದರು. ಹಲ್ಲಿನಲ್ಲಿ ದಾರ ಕಡಿದು, "ನನ್ನ ಲೆಕ್ಕ ಇಟ್ಕೋಬೇಡ. ನಾನು ಇಲ್ಲೇ ಕೂತಿರ್ತೀನಿ ಬಿಡು. ಈ ಕಿಟಕಿ ಹತ್ರ ಗಾಳಿ ಚೆನ್ನಾಗಿ ಬರತ್ತೆ" ಅಂದರು.

"ಹಾಗೆಲ್ಲ ಹೇಳ್ಬೇಡಿ."

"ಹೇಳಿದ್ರೆ ಆಗಿಬಿಡತ್ತಾ? ಬೆಳಕು ಹೋಗ್ತಿದೆ, ಆ ದೀಪ ಹಾಕು."

ಅದು ಅವರ ಒಪ್ಪಿಗೆಯೋ ತಮಾಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಉಳಿದ ದಿನಗಳಲ್ಲಿ ಎಷ್ಟೋ ಸಲ ಕೇಳಬೇಕೆಂದುಕೊಂಡೆ. ಬೇರೇನಾದರೂ ಹೇಳಿಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನದ ಅಂಚೆಯೂ ಬಂದು ಹೋಯಿತು. ಮೇಲಿನ ಕಚೇರಿಯ ಕಾಗದ ಇರಲಿಲ್ಲ. ಈರಭದ್ರ ಆ ಒಂಬತ್ತು ದಿನಗಳಲ್ಲಿ ಮತ್ತೊಮ್ಮೆ ಕೇಳಲು ಬಂದಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ರುದ್ರಮ್ಮ ಬಂದಳು. ಹದಿನೈದು ವರ್ಷದಲ್ಲಿ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ನೇರವಾಗಿ ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಕಾಗದ ಬಂತಾ?"

"ಇಲ್ಲ ರುದ್ರಮ್ಮ."

"ಬರತ್ತೆ. ಹತ್ತೊಂಬತ್ತನೇ ದಿನ ಬರತ್ತೆ."

ನಾನು ತಲೆ ತಗ್ಗಿಸಿದೆ.

"ನಾನು ಅವನ ಪರವಾಗಿ ಬಂದಿಲ್ಲ" ಅಂದಳು. "ಅವನು ಸತ್ತ ದಿನ ಯಾರೂ ಇಲ್ಲದೆ ಕೂತ್ಕೊಂಡ್ರೆ ನಾನೇ ಎದುರಿಗೆ ಮಣೆ ಹಾಕ್ಕೊಂಡು ನೋಡ್ತೀನಿ. ಆದ್ರೆ ಕೆಂಚಮ್ಮ ನನ್ನ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕ್ದೋಳು. ಮಗ ಇಂಥಾ ಕೆಲಸ ಮಾಡಿದ್ದಾನಲ್ಲ ಅಂತ ತಲೆ ಎತ್ತದೆ, ನನ್ನ ಬಾಗಿಲಿಗೆ ಹಿಂದಿನಿಂದ ಬಂದು, ಹಿಂದಿನಿಂದ ಹೋಗ್ತಿದ್ಲು. ಒಂದು ಲೋಟ ಕಾಫಿನೂ ಮುಟ್ಟಿಲ್ಲ. ನಂಗೆ ಎದುರುಗಡೆ ಒಬ್ರು ಕೂತಿರೋದೇ ಸಾಕಾಗಿದೆ ವಾರಿಜಮ್ಮ. ಬೆಳಿಗ್ಗೆ ಬಾಗಿಲು ತೆಗೆದ್ರೆ ಇನ್ನೊಬ್ರನ್ನ ನೋಡೋಕೆ ನನ್ನ ಕೈಲಾಗಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತು ನೀನು ಹೆದರ್ದೆ. ನಾನೂ ಹೆದರ್ದೆ, ಇಲ್ದಿದ್ರೆ ಕಿತ್ಕೊಂಡು ಹೋಗ್ತಿದ್ದೆ. ಇವತ್ತೂ ಹೆದರ್ತೀಯಾ?"

ಹೆದರಿದ್ದೆ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಬೀರುವಿನ ಬೀಗ ತೆಗೆಯಲು ಮೂರು ಸಲ ತಪ್ಪು ಕೀಲಿ ಹಾಕಿದೆ. ಕೋವಿ ತೆಗೆದು, ಒಂದು ತೋಟಾ ಎಣಿಸಿದೆ. ಒಂದನ್ನು ಎಣಿಸುವುದೇನು ಬಂತು, ಆದರೂ ಎಣಿಸಿದೆ. ಹೊರಡುವ ಮುಂಚೆ ರಿಜಿಸ್ಟರ್ ತೆರೆದು ಬರೆದೆ: ಮೃತೆ ಕೆಂಚಮ್ಮ, ಎಬ್ಬಿಸುವವನು, ಮಗ ಈರಭದ್ರ, ಹೆಗಲು ಕೊಡುವವಳು, ಗುಮಾಸ್ತೆ ವಾರಿಜಾ. ತಿಳಿದೇ ಮಾಡಿದ್ದೆಂದು ಗೊತ್ತಾಗಲಿ ಎಂದು ಕೆಳಗೆ ಹನ್ನೊಂದನೆಯ ನಿಯಮದ ಸಂಖ್ಯೆಯನ್ನೂ ಕಾಣಿಸಿದೆ.

ಕೋವಿ ಹಿಡಿದು ಬೀದಿಯಲ್ಲಿ ನಡೆಯುವಾಗ ಅಂಗಡಿಗಳವರು ಎದ್ದು ನಿಲ್ಲುವುದು ವಾಡಿಕೆ. ಅಂದೂ ನಿಂತರು. ಯಾರ ಮನೆಗೆ ಎಂದು ಅವರಿಗೆ ಗೊತ್ತಿತ್ತು. ಒಬ್ಬರೂ ತಡೆಯಲಿಲ್ಲ, ಒಬ್ಬರೂ ಹಿಂದೆ ಬರಲಿಲ್ಲ.

ಕೆಂಚಮ್ಮ ಅಕ್ಕಿ ಆರಿಸುತ್ತಿದ್ದಳು. ಹನ್ನೆರಡು ದಿನ ಆರಿಸಿದ ಕಲ್ಲುಗಳು ಪಕ್ಕದಲ್ಲಿ ಪುಟ್ಟ ಗುಡ್ಡೆಯಾಗಿದ್ದವು. ಅಷ್ಟು ಕಲ್ಲು ಆ ಒಂದು ಮೊರದ ಅಕ್ಕಿಯಲ್ಲಿ ಎಲ್ಲಿಂದ ಬಂದವೋ. ಈರಭದ್ರ ಅವಳ ಕಾಲಿನ ಬಳಿ ಕೂತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಎದ್ದವನು ನಾಲ್ಕು ಹೆಜ್ಜೆ ಹಿಂದೆ ಸರಿದ. ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು.

"ಬ್ಯಾಡಿ ವಾರಿಜಮ್ಮಾರೆ" ಅಂದ. "ನೀವು ನಿಜವಾಗ್ಲೂ ತತ್ತೀರಿ ಅಂದ್ಕಂಡಿರ್ಲಿಲ್ಲ."

"ಕೇಳಿದವನು ನೀನೇ."

"ಕೇಳ್ದೆ. ಕೇಳಿದ್ ದಿನದಿಂದ ನಿದ್ದೆ ಬಂದಿಲ್ಲ. ಅವತ್ತೂ ಅಷ್ಟೇ, ಅಪ್ಪಯ್ಯನ್ನ ಎಬ್ಬಿಸಿ ಗಳಗಳ ಅಳ್ತಾ ನಿಂತಿದ್ದೆ. ಕಣ್ಣೀರೊರ್ಸಿದ್ ಕೈಯೇ ಆಮೇಲೆ ಅದನ್ನ ಮಾಡ್ತು. ಈ ಕೈ ಏನ್ ಮಾಡ್ತದೆ ಅಂತ ನಂಗೇ ಗೊತ್ತಿಲ್ಲ. ನಿಮ್ ಹನ್ನೊಂದನೇ ನಿಯಮ ಇಲ್ದಿದ್ರೂ ನಾನು ಅದನ್ನ ಮುಟ್ತಿರ್ಲಿಲ್ಲ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅವನಿಗೆ ಕೊಡಬಹುದೋ ಬಾರದೋ ಎಂದು ಒಂಬತ್ತು ದಿನ ಯೋಚಿಸಿದವಳು, ಅವನು ತೆಗೆದುಕೊಳ್ಳಬಲ್ಲನೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಿಸಿಲು ಎದುರುಮನೆಯ ಹೆಂಚಿನ ತುದಿಗೆ ಏರಿತ್ತು. ರುದ್ರಮ್ಮ ನಲ್ಲಿಕಟ್ಟೆಯ ಹತ್ತಿರ, ಗಂಡನ ಪಕ್ಕದಲ್ಲಿ ನಿಂತಿದ್ದಳು. ಅಲ್ಲಿಂದಲೇ ಕೂಗಿದಳು: "ಹೊತ್ತು ಹೋಗ್ತಿದೆ. ನಾನು ಇಲ್ಲೇ ಇದ್ದೀನಿ, ನೋಡ್ತಿದ್ದೀನಿ. ಮುಟ್ಟು."

ಈರಭದ್ರ ಅವಳ ಕಡೆ ನೋಡಿದ. ಸಜೆ ಮುಗಿಸಿ ಬಂದ ಮೇಲೆ ಅವನು ಅವಳನ್ನು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು. ಲುಂಗಿಗೆ ಅಂಗೈ ಒರೆಸಿಕೊಂಡು ನನ್ನ ಹತ್ತಿರ ಬಂದ.

"ನನ್ ಮಣಿಕಟ್ಟು ಹಿಡ್ಕೊಳ್ಳಿ" ಅಂದ. "ಗಟ್ಟಿಯಾಗಿ. ಸದ್ದಾದ್ಮೇಲೂ ಬಿಡ್ಬ್ಯಾಡಿ. ನೀವು ಕೋವಿ ಒಳಗಿಡೋ ತಂಕ ಬಿಡ್ಬ್ಯಾಡಿ."

ಕೋವಿಯ ಬುಡವನ್ನು ಹೆಗಲಿಗೆ ಆನಿಸಿ, ನಳಿಗೆಯನ್ನು ಮೇಲಕ್ಕೆತ್ತಿ ಎಡಗೈಯಲ್ಲಿ ಹಿಡಿದೆ. ಬಲಗೈಯಲ್ಲಿ ಅವನ ಮಣಿಕಟ್ಟು ಹಿಡಿದೆ. ಐವತ್ತರ ಹತ್ತಿರದ ಗಂಡಸು, ಮಗುವಿನ ಹಾಗೆ ಒಂದೇ ಬೆರಳು ಚಾಚಿದ. ಆ ಬೆರಳಿಗೆ ಸಾಣೆಕಲ್ಲಿನ ವಾಸನೆ ಇತ್ತು. ಅವನ ನಾಡಿ ಹೊಡೆದುಕೊಳ್ಳುವುದು ನನ್ನ ಕೈಗೆ ತಿಳಿಯುತ್ತಿತ್ತು. ರುದ್ರಮ್ಮ ಕಣ್ಣು ಮುಚ್ಚಲಿಲ್ಲ.

ಸದ್ದಾಯಿತು. ಕಾಗೆಗಳೆಲ್ಲ ಎದ್ದವು. ನನ್ನ ಭುಜ ಕಿತ್ತು ಹೋದಂತಾಯಿತು, ಆದರೆ ಅವನ ಕೈಯನ್ನು ನಾನು ಬಿಡಲಿಲ್ಲ.

ಕೆಂಚಮ್ಮ ಮೊರವನ್ನು ಕೆಳಗಿಟ್ಟಳು. ಮಡಿಲಿನಲ್ಲಿ ಅಂಟಿದ್ದ ನುಚ್ಚನ್ನು ಕೊಡವಿದಳು. ಕಂಬ ಹಿಡಿದು ಎದ್ದು, ಮಗನ ಮುಂದೆ ಬಂದು, ನಾನು ಹಿಡಿದಿದ್ದ ಅವನ ಕೈಯನ್ನು ಒಮ್ಮೆ ನೋಡಿದಳು. ಬೀದಿ ದಾಟಿ ನಲ್ಲಿಕಟ್ಟೆಯ ಬಳಿ ನಿಂತಳು. ಚನ್ನಬಸಪ್ಪನ ತಲೆಯ ಮೇಲೆ ಕೈಯಿಟ್ಟಳು. ಅವನು ನಲ್ಲಿ ತಿರುಗಿಸುತ್ತಲೇ ಇದ್ದ. ಆಮೇಲೆ ಅವಳು ಕೆರೆಯ ಕಡೆಯ ದಾರಿ ಹಿಡಿದು ಹೋದಳು. ಬೀದಿಯ ತಿರುವಿನ ನಂತರ ಕಾಣಲಿಲ್ಲ. ರುದ್ರಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದಫೇದಾರರು ಬಂದಾಗಲೂ ನಾನು ಈರಭದ್ರನ ಮಣಿಕಟ್ಟು ಹಿಡಿದೇ ಇದ್ದೆ. "ಬಿಡಮ್ಮ, ಇನ್ನು ನಾನು ಹಿಡ್ಕೋತೀನಿ" ಅಂದರು. ಕೋವಿಯನ್ನು ಅವರೇ ಒಯ್ದರು. ಈರಭದ್ರನಿಗೆ ಆರು ತಿಂಗಳಾಯಿತು. ನನ್ನ ಹೆಸರನ್ನು ಗೋಡೆಯ ಪಟ್ಟಿಯಲ್ಲಿ ಬರೆಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನೇ ಬರೆದು, ಕೀಲಿಗಳನ್ನು ಒಪ್ಪಿಸಿ ಬಂದೆ. ಮೇಲಿನ ಕಚೇರಿಯ ಕಾಗದ ತಿಂಗಳ ಕೊನೆಗೆ ಬಂತು. ಸದರಿ ಮೃತೆ ಇನ್ನೂ ಕೂತಿದ್ದಾರೆಯೇ ಎಂಬ ಬಗ್ಗೆ ವಿವರವಾದ ವರದಿ ಕಳುಹಿಸಬೇಕು ಎಂದಿತ್ತಂತೆ.

ಅಪ್ಪ ಆಮೇಲೆ ಎರಡು ವರ್ಷ ಇದ್ದರು. ನಾನು ಅವರ ಪಕ್ಕದಲ್ಲಿ ಮತ್ತೆ ಗುಂಡಿ ಹಚ್ಚುತ್ತಿದ್ದೆ. ಆ ವಿಷಯ ನಾವು ಮಾತಾಡಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ, ಅರ್ಧ ಕಾಜಾ ಹೊಲಿದ ಶರ್ಟು ಮಡಿಲಲ್ಲಿಟ್ಟುಕೊಂಡೇ ಹೋದರು. ಮಣ್ಣು ಮುಗಿಸಿ ಬಂದಾಗ ಕಿಟಕಿಯ ಬಳಿ ಬೆಂಚಿನ ಮೇಲಿದ್ದರು. ನನ್ನನ್ನು ನೋಡಿದಾಗಲೆಲ್ಲ ಹುಬ್ಬು ಎತ್ತುತ್ತಿದ್ದರು, ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುವಾಗ ಎತ್ತುತ್ತಿದ್ದ ಹಾಗೆ.

ಹತ್ತನೆಯ ದಿನ ಕೋವಿಮನೆಯ ಹೊಸ ಗುಮಾಸ್ತ ಅಂಗಡಿಗೆ ಬಂದ. ಮೃದು ಮಾತಿನ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. "ಮೇಡಂ, ಮೇಲಿನ ಕಚೇರಿಗೆ ಬರೀಲಾ?" ಅಂದ. ಆಮೇಲೆ ದನಿ ಇಳಿಸಿ, "ಬೇಕಾದ್ರೆ ನಾನೇ ಬಂದು ಹೆಗಲು ಕೊಡ್ತೀನಿ" ಅಂದ.

ಅವನ ಮಾತು ಕೇಳಿ ನನಗೆ ಎಷ್ಟು ಆಸೆಯಾಯಿತೆಂದು ಹೇಳಲಾರೆ.

"ನಿಮ್ಮ ತಂದೆ ತಾಯಿ ಇದ್ದಾರಾ?" ಅಂದೆ.

"ಇದ್ದಾರೆ ಮೇಡಂ. ಇಬ್ಬರೂ."

"ಹಾಗಾದ್ರೆ ಹೋಗಿ ಬನ್ನಿ" ಅಂದೆ.

ಹನ್ನೆರಡನೆಯ ದಿನ ಈರಭದ್ರ ಸಾಣೆಚಕ್ರ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಅಪ್ಪನ ಕತ್ತರಿ ತೆಗೆದುಕೊಂಡು ಸಾಣೆ ಹಿಡಿದ. ಬೇಕಾದ್ದಕ್ಕಿಂತ ಬಹಳ ಹೊತ್ತು ಹಿಡಿದ. ಹೊತ್ತು ಮುಳುಗಿದ ಮೇಲೆ ಕತ್ತರಿಯನ್ನು ಬೆಂಚಿನ ಮೇಲಿಟ್ಟು, ಅಪ್ಪನಿಗೆ ಕೈಮುಗಿದು ಹೋದ.

ನಿಯಮ ಬೇಕು ಅಂತಲೇ ಈಗಲೂ ಅನ್ನಿಸುತ್ತದೆ. ಕೆಂಚಮ್ಮ ಎದ್ದು ಹೋದದ್ದೂ ಕಣ್ಣ ಮುಂದಿದೆ. ಕಂಡದ್ದನ್ನು ಮಾತ್ರ ಬರೆಯಬೇಕಲ್ಲ. ಕೊನೆಗೆ ಕಂಡದ್ದು ಇಷ್ಟು. ಹದಿಮೂರನೆಯ ದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆದೆ. ಅಪ್ಪ ಸೂಜಿ ನಿಲ್ಲಿಸಿ ನನ್ನ ಕಡೆ ನೋಡಿದರು. ಹುಬ್ಬು ಏಳಲಿಲ್ಲ. ಅಳತೆ ಕೊಡಲು ಬಂದ ಹೊಸಬರನ್ನು ನೋಡುವಂತೆ, ಮರ್ಯಾದೆಯಿಂದ ನೋಡಿದರು. ಆಮೇಲೆ ಶರ್ಟನ್ನು ಒತ್ತಟ್ಟಿಗೆ ಎಳೆದುಕೊಂಡು, ಬೆಂಚಿನ ಮೇಲೆ ಸ್ವಲ್ಪ ಸರಿದು, ನನಗೆ ಕೂರಲು ಜಾಗ ಮಾಡಿಕೊಟ್ಟರು.